ಹಾಡಿಗೆ ಬಿರುದು, ಸಾರಾಯಿಗೆ ಹರಾಜು

ಯಲ್ಲಾಪುರ ದಾಟಿ ಅಂಕೋಲೆಯ ಕಡೆಗೆ ಹೊರಟ ಹೆದ್ದಾರಿ ಅರಬೈಲ್ ಘಟ್ಟದಲ್ಲಿ ತಿರುವಿನ ಮೇಲೆ ತಿರುವು ಹಾಕುತ್ತ ಇಳಿಯುತ್ತದೆ. ಘಟ್ಟದ ಮೇಲೆ ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಹವ್ಯಕರ ಮನೆಗಳು, ಕಾಡಂಚಿನಲ್ಲಿ ಸಿದ್ದಿಗಳ ಊರುಗಳು. ಕೆಳಗಿಳಿದರೆ ಗಂಗಾವಳಿಯ ಬಯಲು, ಗದ್ದೆ, ಗಜನಿ, ತೆಂಗಿನ ಸಾಲು, ಉಪ್ಪು ಬೆರೆತ ಗಾಳಿ. ಒಂದೇ ಜಿಲ್ಲೆಯಾದರೂ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಊಟ, ಮಾತು, ಉಡುಗೆ ಎಲ್ಲದರಲ್ಲೂ ವ್ಯತ್ಯಾಸವಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಂದ ಅಂಕೋಲೆಗೆ ಇಳಿದವರ ಕಣ್ಣಿಗೆ ಮೊದಲು ಬೀಳುವವರು ಪೇಟೆಯ ಬದಿಯಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡು ಕುಳಿತ ಹಾಲಕ್ಕಿ ಹೆಂಗಸರು. ಕೊರಳು ಕಾಣದಷ್ಟು ಕರಿಮಣಿಯ ಸರ, ಮೂಗಿನಲ್ಲಿ ನತ್ತು, ರವಿಕೆಯಿಲ್ಲದೆ ಕುತ್ತಿಗೆಗೆ ಕಟ್ಟಿದ ಸೀರೆ. ಪ್ರವಾಸಿಗಳು ಫೋಟೋ ತೆಗೆದುಕೊಳ್ಳುತ್ತಾರೆ. ತರಕಾರಿಗೆ ಚೌಕಾಶಿ ಮಾಡುತ್ತಾರೆ.

ಸುಕ್ರಿ ಬೊಮ್ಮಗೌಡ ಈ ಹೆಂಗಸರಲ್ಲಿ ಒಬ್ಬರು. ಅಂಕೋಲಾ ತಾಲೂಕಿನ ಬಡಗೇರಿಯವರು. ಊರವರಿಗೆ ಸುಕ್ರಜ್ಜಿ, ಪತ್ರಿಕೆಗಳಿಗೆ 'ಜಾನಪದ ಕೋಗಿಲೆ', ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ನಾಡೋಜ, 2017ರಿಂದ ಭಾರತ ಸರಕಾರಕ್ಕೆ ಪದ್ಮಶ್ರೀ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಾವಿರಾರು ಹಾಡುಗಳು ಅವರ ಬಾಯಲ್ಲಿದ್ದವು. ಇಷ್ಟನ್ನು ನಾಡು ಬಲ್ಲದು. ಇದೇ ಸುಕ್ರಜ್ಜಿ 1990ರ ದಶಕದಲ್ಲಿ ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ಮಾರಾಟದ ವಿರುದ್ಧ ನಿಂತಿದ್ದರು ಎಂಬುದನ್ನು ಸನ್ಮಾನಪತ್ರಗಳು ಕೊನೆಯ ಸಾಲಿನಲ್ಲಿ ಒಂದಿಷ್ಟು ಹೇಳಿ ಮುಗಿಸುತ್ತವೆ. ಆ ಕೊನೆಯ ಸಾಲಿನಿಂದಲೇ ಅವರ ಬದುಕನ್ನು ಓದಲು ಹೊರಟರೆ ಬೇರೆಯೇ ಚಿತ್ರ ಕಾಣುತ್ತದೆ. ಸರಕಾರದ ಒಂದು ಕೈ ಅವರ ಹಾಡನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದಾಗ ಇನ್ನೊಂದು ಕೈ ಅವರ ಕೇರಿಗೆ ಸಾರಾಯಿ ಕಳುಹಿಸುತ್ತಿತ್ತು. ಈ ಎರಡು ಕೈಗಳ ನಡುವೆ ನಡೆದ ಬದುಕು ಅವರದು.

ಹಾಲಕ್ಕಿ ಒಕ್ಕಲಿಗರು ಉತ್ತರ ಕನ್ನಡದ ಕರಾವಳಿಯಲ್ಲಿ, ಸುಮಾರಾಗಿ ಕಾಳಿ ನದಿಯಿಂದ ಶರಾವತಿಯವರೆಗೆ, ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ತಾಲೂಕುಗಳಲ್ಲಿ ಹರಡಿದ್ದಾರೆ. ಹೆಸರಿನ ಮೂಲದ ಬಗ್ಗೆ ಹಲವು ಮಾತುಗಳಿವೆ. ಹಾಲಿನಂಥ ಅಕ್ಕಿ ಬೆಳೆಯುವವರು ಎಂಬುದು ಅವುಗಳಲ್ಲಿ ಜನಪ್ರಿಯವಾದದ್ದು. ಗುಡ್ಡದ ಬುಡದಲ್ಲಿ, ಗದ್ದೆಯ ಅಂಚಿನಲ್ಲಿ ಗುಂಪಾಗಿ ಮನೆ ಕಟ್ಟಿಕೊಳ್ಳುತ್ತಾರೆ. ಆ ಗುಂಪಿಗೆ ಕೊಪ್ಪ ಎಂದು ಹೆಸರು. ಕೊಪ್ಪಕ್ಕೊಬ್ಬ ಗೌಡ, ಅವನಿಗೆ ಸಲಹೆ ಹೇಳುವ ಬುಧವಂತ, ಸುದ್ದಿ ಮುಟ್ಟಿಸುವ ಕೋಲಕಾರ. ಜಗಳ, ಮದುವೆ, ದಂಡ ಎಲ್ಲವೂ ಈ ಕಟ್ಟಿನೊಳಗೆ ತೀರ್ಮಾನವಾಗುತ್ತಿದ್ದವು. 1883ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಕೆನರಾ ಜಿಲ್ಲೆಯ ಗೆಜೆಟಿಯರು ಹಾಲಕ್ಕಿಗಳ ಬಗ್ಗೆ ಬರೆದಿದೆ. ಆಗ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿ ಎರಡು ದಶಕಗಳಾಗಿದ್ದವು.

ಹೊರಗಿನವರು ಹೆಚ್ಚಾಗಿ ನೋಡಿರುವುದು ಗಂಡಸರ ಸುಗ್ಗಿ ಕುಣಿತವನ್ನು. ತಲೆಯ ಮೇಲೆ ಬಣ್ಣಬಣ್ಣದ ತುರಾಯಿ, ಕೈಯಲ್ಲಿ ಕೋಲು, ಹೋಳಿಯ ದಿನಗಳಲ್ಲಿ ಮನೆಮನೆಯ ಅಂಗಳಕ್ಕೆ ಹೋಗಿ ಕುಣಿದು ಬರುವ ಕ್ರಮ. ಜೊತೆಗೆ ಗುಮಟೆ. ಅದು ಎರಡೂ ಕಡೆ ಬಾಯಿರುವ ಮಣ್ಣಿನ ಗಡಿಗೆ, ಒಂದು ಬಾಯಿಗೆ ಉಡದ ಚರ್ಮ ಬಿಗಿದದ್ದು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಉಡ ಹಿಡಿಯುವುದು ಅಪರಾಧವಾಯಿತು. ಪಕ್ಕದ ಗೋವೆಯಲ್ಲಿ ಇದೇ ವಾದ್ಯವನ್ನು ಘುಮಟ್ ಎನ್ನುತ್ತಾರೆ. 2019ರಲ್ಲಿ ಅಲ್ಲಿನ ಸರಕಾರ ಅದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು, ಆಡಿನ ಚರ್ಮ ಹಾಕಿದರಾಯಿತು ಎಂಬ ತಿದ್ದುಪಡಿಯೊಂದಿಗೆ. ನಮ್ಮ ಕಡೆ ಗುಮಟೆಗೆ ಅಂಥ ಭಾಗ್ಯ ಒದಗಲಿಲ್ಲ, ಇರಲಿ.

ಹೆಂಗಸರ ಹಾಡು ಬೇರೆ. ಅದಕ್ಕೆ ವೇಷವಿಲ್ಲ, ವಾದ್ಯವೂ ಬೇಕಿಲ್ಲ. ಗದ್ದೆಯ ನೆಟ್ಟಿ, ಭತ್ತದ ಕುಟ್ಟಣ, ಬೀಸುವ ಕಲ್ಲು, ಮಗುವಿನ ತೊಟ್ಟಿಲು, ಎಲ್ಲಕ್ಕಿಂತ ಹೆಚ್ಚಾಗಿ ಮದುವೆ. ಅರಿಸಿನ ಹಚ್ಚುವುದರಿಂದ ಹಿಡಿದು ಹೆಣ್ಣನ್ನು ಕಳಿಸಿಕೊಡುವವರೆಗೆ ಪ್ರತಿ ಶಾಸ್ತ್ರಕ್ಕೂ ಹಾಡಿದೆ. ಹಾಡಿಲ್ಲದಿದ್ದರೆ ಶಾಸ್ತ್ರ ಪೂರ್ತಿಯಾಗುವುದಿಲ್ಲ. ಸೀತೆಯ ಕಥೆಯೂ ಈ ಹಾಡುಗಳಲ್ಲಿ ಬರುತ್ತದೆ, ಅತ್ತೆಯ ಮನೆಯ ಕಷ್ಟವೂ ಬರುತ್ತದೆ; ಕೆಲವೊಮ್ಮೆ ಎರಡೂ ಒಂದೇ ಆಗಿಬಿಡುತ್ತವೆ. ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ತಿರುಗಿ ಹೇಳುತ್ತಾರೆ. ಕುಮಟೆಯ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ಮೊದಲಾದವರು ಈ ಜಿಲ್ಲೆಯ ಹಾಡು, ಕಥೆಗಳನ್ನು ಸಂಗ್ರಹಿಸಲು ದಶಕಗಳನ್ನೇ ಕಳೆದಿದ್ದಾರೆ. ಅವರ ಶ್ರಮವಿಲ್ಲದಿದ್ದರೆ ಹೊರಗಿನ ಕನ್ನಡಿಗರಿಗೆ ಹಾಲಕ್ಕಿ ಎಂಬ ಹೆಸರೂ ಇಷ್ಟು ಪರಿಚಿತವಾಗುತ್ತಿರಲಿಲ್ಲ.

ಸುಕ್ರಿಯವರು ಈ ಹಾಡುಗಳನ್ನು ಕಲಿತದ್ದು ತಾಯಿಯಿಂದ. ಹಾಗಾದರೆ ಅವರನ್ನು ಹಾಡುಗಾರ್ತಿ ಎನ್ನಬೇಕೋ, ಹಾಡು ಕಟ್ಟುವವಳು ಎನ್ನಬೇಕೋ? ನಮ್ಮ ಸಾಹಿತ್ಯ ಚರಿತ್ರೆಗೆ ಕರ್ತೃ ಬೇಕು. ವಚನಕ್ಕೆ ಅಂಕಿತವಿದೆ, ಕೀರ್ತನೆಗೆ ಅಂಕಿತವಿದೆ. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲವೆಂದು ಎದ್ದ ಹಲಗಲಿಯ ಬೇಡರ ಮೇಲಿನ ಲಾವಣಿಯಲ್ಲೂ ಕುರ್ತಕೋಟಿಯ ಕಲ್ಮೇಶನ ಹೆಸರು ಬಂದು ಕಟ್ಟಿದವನ ಊರು ತಿಳಿಯುತ್ತದೆ. ಹಾಲಕ್ಕಿ ಹೆಂಗಸರ ಹಾಡಿನಲ್ಲಿ ಅಂಥ ಗುರುತು ಇಲ್ಲ. ಇರುವುದು ಒಂದು ಚೌಕಟ್ಟು: ಧಾಟಿ, ತಿರುಗಿ ಬರುವ ಅರ್ಧ ಸಾಲು, ಸಂಬೋಧನೆ. ಅದರೊಳಗೆ ಮದುಮಗಳ ಹೆಸರು, ಮನೆಯ ಹೆಸರು, ಆ ದಿನದ ಸಂಗತಿ ಸೇರುತ್ತ ಹೋಗುತ್ತವೆ. ಎತ್ತಿಕೊಡುವವಳ ನೆನಪೂ ಸಮಯಸ್ಫೂರ್ತಿಯೂ ಒಟ್ಟಿಗೇ ಕೆಲಸ ಮಾಡುತ್ತಿರುತ್ತವೆ. ಪ್ರತಿ ಹಾಡಿಕೆಯೂ ಅಷ್ಟರಮಟ್ಟಿಗೆ ಹೊಸ ರಚನೆಯೇ. ಪುಸ್ತಕದ ಅಳತೆಗೋಲಿನಿಂದ ಸುಕ್ರಿಯವರನ್ನು ಕವಿಯಲ್ಲ ಎನ್ನುವವರು ಈ ಕೆಲಸವನ್ನು ನೋಡಿಲ್ಲ ಎಂದೇ ಹೇಳಬೇಕಾಗುತ್ತದೆ.

ಅವರ ಬದುಕಿನ ವಿವರ ಕೆಲವೇ ಮಾತಿನಲ್ಲಿ ಮುಗಿಯುವಂಥದು. ಎಳೆಯ ವಯಸ್ಸಿನಲ್ಲೇ ತಮಗಿಂತ ತುಂಬ ದೊಡ್ಡವರಾದ ಬೊಮ್ಮಗೌಡರೊಂದಿಗೆ ಮದುವೆ. ಕೂಲಿ, ಗದ್ದೆ ಕೆಲಸ, ಬಡತನ. ಗಂಡ ಕುಡಿತಕ್ಕೆ ಬಿದ್ದರು, ಕುಡಿತದಿಂದಲೇ ಹೋದರು. ಮಗನನ್ನೂ ಕುಡಿತವೇ ತೆಗೆದುಕೊಂಡಿತು. ಇವನ್ನೆಲ್ಲ ಸುಕ್ರಿಯವರು ಮುಚ್ಚಿಡಲಿಲ್ಲ; ಕೇಳಿದವರಿಗೆ ಹೇಳುತ್ತಿದ್ದರು. ಕೊಪ್ಪದ ಎಷ್ಟೋ ಮನೆಗಳಲ್ಲಿ ಇದೇ ಕಥೆ ನಡೆದಿದ್ದರಿಂದ ಅದನ್ನು ತಮ್ಮೊಬ್ಬರ ಹಣೆಬರಹವೆಂದು ಅವರು ತಿಳಿಯಲೂ ಇಲ್ಲ. ಅವರ ರಾಜಕೀಯ ಹುಟ್ಟಿದ್ದು ಇಲ್ಲಿ.

ರಾಜಕೀಯ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಕುಡಿತವನ್ನು ನಾವು ಚಟವೆಂದು ಕರೆದು ಮನೆಯೊಳಗಿನ ವಿಷಯ ಮಾಡಿಬಿಡುತ್ತೇವೆ. ಸಾರಾಯಿ ಕೊಪ್ಪದವರೆಗೆ ಹೇಗೆ ಬಂತು ಎಂದು ಕೇಳಿದರೆ ಅದು ಮನೆಯೊಳಗೆ ನಿಲ್ಲುವುದಿಲ್ಲ, ವಿಧಾನಸೌಧದವರೆಗೆ ಹೋಗುತ್ತದೆ.

ಉತ್ತರ ಕನ್ನಡ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಮುಂಬಯಿಯಲ್ಲಿ 1949ರ ಕಾನೂನಿನಂತೆ ಪಾನನಿರೋಧ ಜಾರಿಗೆ ಬಂತು. ಹಾಗೆಂದು ಕುಡಿತ ನಿಂತಿತೆಂದಲ್ಲ. ಕಳ್ಳಬಟ್ಟಿ ಇತ್ತು, ಗಡಿಯಾಚೆ ಪೋರ್ತುಗೀಜರ ಗೋವೆಯಿತ್ತು. ಆದರೆ ಮಾರುವವನು ಸರಕಾರಕ್ಕೆ ಹೆದರಬೇಕಾಗಿತ್ತು. ರಾಜ್ಯಗಳ ಮರುವಿಂಗಡಣೆಯಾಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆ ರಾಜ್ಯ 1967ರಲ್ಲಿ ಪಾನನಿರೋಧವನ್ನು ಕೈಬಿಟ್ಟಿತು. ಖಜಾನೆಗೆ ಹಣ ಬೇಕಿತ್ತು, ಅಬಕಾರಿ ಅದಕ್ಕೆ ಸುಲಭದ ದಾರಿ. ಅಲ್ಲಿಂದ ಮುಂದೆ ಮಾರುವವನೇ ಸರಕಾರದ ಗುತ್ತಿಗೆದಾರನಾದ. ಪಾನನಿರೋಧದ ಕಡೆಗೆ ರಾಜ್ಯ ಪ್ರಯತ್ನಿಸಬೇಕು ಎಂಬ ಸಂವಿಧಾನದ 47ನೇ ವಿಧಿ ಮಾತ್ರ ತನ್ನ ಪಾಡಿಗೆ ಪುಸ್ತಕದಲ್ಲಿ ಉಳಿಯಿತು.

ಹರಾಜಿನ ಲೆಕ್ಕ ಹೀಗೆ. ಚಿಲ್ಲರೆ ಸಾರಾಯಿ ಮಾರುವ ಹಕ್ಕನ್ನು ಪ್ರದೇಶವಾರು ಹರಾಜು ಹಾಕುತ್ತಾರೆ. ಹೆಚ್ಚು ಕೂಗಿದವನಿಗೆ ಹಕ್ಕು. ಆತ ಸರಕಾರಕ್ಕೆ ಕಟ್ಟಬೇಕಾದ ಮೊತ್ತ ಮೊದಲೇ ಗೊತ್ತಾಗಿರುತ್ತದೆ. ಅದನ್ನು ಎತ್ತಿ ಮೇಲೆ ಲಾಭ ಮಾಡಬೇಕಾದರೆ ಹೆಚ್ಚು ಮಾರಲೇಬೇಕು. ಪೇಟೆಯ ಒಂದು ಅಂಗಡಿಯಿಂದ ಅದು ಸಾಗುವುದಿಲ್ಲ. ಹಾಗಾಗಿ ಹಳ್ಳಿಯ ಗೂಡಂಗಡಿ, ಯಾರದೋ ಮನೆಯ ಹಿತ್ತಿಲು, ಹೊಳೆಯ ದಂಡೆ ಎಲ್ಲವೂ ಉಪಮಾರಾಟದ ಜಾಗಗಳಾಗುತ್ತವೆ. ಪ್ಲಾಸ್ಟಿಕ್ ಪೊಟ್ಟಣ ಬಂದ ಮೇಲಂತೂ ಕೆಲಸ ಇನ್ನೂ ಸುಲಭವಾಯಿತು. ಬಾಟಲಿ, ಲೋಟ, ಅಂಗಡಿ ಯಾವುದೂ ಬೇಡ, ಚೀಲದಲ್ಲಿ ತುಂಬಿ ಕೊಪ್ಪದ ಬಾಗಿಲಿಗೇ ತರಬಹುದು. ಕೂಲಿ ಸಿಕ್ಕ ದಿನ ನಗದು, ಸಿಗದ ದಿನ ಸಾಲ. ಗಂಡಸಿನ ಕೂಲಿ ಮನೆ ತಲುಪುವ ಮೊದಲೇ ಖರ್ಚಾಗಿರುತ್ತದೆ. ಆ ಹಣದ ಒಂದು ಪಾಲು ಗುತ್ತಿಗೆದಾರನಿಗೆ, ಒಂದು ಪಾಲು ಸರಕಾರಕ್ಕೆ.

ಈ ವ್ಯವಹಾರ ಎಷ್ಟು ದೊಡ್ಡದೆಂಬುದಕ್ಕೆ ಘಟ್ಟದ ಮೇಲಿನದೇ ಒಂದು ಉದಾಹರಣೆಯಿದೆ. ಸಿದ್ದಾಪುರದ ದೊಡ್ಮನೆಯವರಾದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ಕೊಟ್ಟ ರೀತಿಯ ಬಗ್ಗೆ ರಾಜ್ಯ ಹೈಕೋರ್ಟು ಕಟುವಾಗಿ ಮಾತಾಡಿತು. 1986ರ ಫೆಬ್ರವರಿಯಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟರು. ಮೂರೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡರು. ಮುಖ್ಯಮಂತ್ರಿಯ ಕುರ್ಚಿಯನ್ನೇ ಅಲುಗಿಸಬಲ್ಲ ವ್ಯವಹಾರದ ತುದಿಯಲ್ಲಿ, ಘಟ್ಟದ ಕೆಳಗೆ, ಬಡಗೇರಿಯಂಥ ಊರುಗಳ ಹೆಂಗಸರು ಕುಳಿತಿದ್ದರು. ಈ ಎರಡು ತುದಿಗಳ ನಡುವೆ ಮಾತುಕತೆ ನಡೆಯುವ ಯಾವ ವೇದಿಕೆಯೂ ಇರಲಿಲ್ಲ.

ಅಂಕೋಲೆಗೆ ಹೋರಾಟ ಹೊಸದೇನಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು ಇಲ್ಲಿ. ಅದರ ಬೆನ್ನಿಗೆ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ನಡೆದು ರೈತರು ಹೊಲಮನೆ ಕಳೆದುಕೊಂಡರು. ಸಿದ್ದಾಪುರ ಸೀಮೆಯ ಹೆಂಗಸರು ಮಾವಿನಗುಂಡಿಯಲ್ಲಿ ಉಪವಾಸ ಕುಳಿತದ್ದು ಆ ಕಾಲದಲ್ಲೇ. ಚುಟುಕಗಳಿಂದ ಹೆಸರಾದ ದಿನಕರ ದೇಸಾಯಿ ಇದೇ ತಾಲೂಕಿನಲ್ಲಿ ಗೇಣಿದಾರರನ್ನು ಸಂಘಟಿಸಿದರು. ಅದಕ್ಕಾಗಿ ಬ್ರಿಟಿಷ್ ಸರಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಐದು ವರ್ಷ ಹೊರಹಾಕಿತು. ಆ ಗೇಣಿದಾರರಲ್ಲಿ ಹಾಲಕ್ಕಿಗಳೂ ಇದ್ದರು. 1974ರ ಭೂಸುಧಾರಣೆಯಿಂದ ಹಲವರಿಗೆ ಗದ್ದೆಯ ಒಡೆತನ ಬಂತು. ಆದರೆ ತುಂಡು ಭೂಮಿ, ಕೂಲಿ ತಪ್ಪಲಿಲ್ಲ. ಕಾರವಾರ, ಅಂಕೋಲೆಗಳ ಕರಾವಳಿಯಲ್ಲಿ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಗಿ ಮುಂದೆ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಭೂಮಿ ಬಂದರೂ ಹೋದರೂ ದುಡ್ಡಿನ ವಾಸನೆ ಹಿಡಿದು ಸಾರಾಯಿ ಬಂತು.

ಇವೆಲ್ಲ ಹೋರಾಟಗಳ ಮುಂಚೂಣಿಯಲ್ಲಿ ಗಂಡಸರಿದ್ದರು, ಮಾವಿನಗುಂಡಿಯಂಥ ಅಪವಾದಗಳನ್ನು ಬಿಟ್ಟರೆ. ಸಾರಾಯಿಯ ವಿಷಯದಲ್ಲಿ ಅದು ಸಾಧ್ಯವಿರಲಿಲ್ಲ. ಕುಡಿಯುವವರೇ ಗಂಡಸರು. ಕೊಪ್ಪದ ಗೌಡ, ಬುಧವಂತ, ಕೋಲಕಾರ ಎಲ್ಲರೂ ಗಂಡಸರು. ಆ ಕಟ್ಟಿನೊಳಗೆ ಹೆಂಗಸರ ದೂರಿಗೆ ಜಾಗ ಕಡಿಮೆ. ಹೆಂಗಸರು ಒಟ್ಟಾಗಿ ಸೇರುವ ಜಾಗಗಳು ಎರಡೇ: ಗದ್ದೆ ಮತ್ತು ಮದುವೆಮನೆ. ಎರಡರಲ್ಲೂ ಅವರನ್ನು ಒಟ್ಟು ಮಾಡುವುದು ಹಾಡು. ಹಾಡು ಎತ್ತಿಕೊಡುವವಳಿಗೆ ಅಲ್ಲಿ ಒಂದು ಅಧಿಕಾರವಿರುತ್ತದೆ. ಆಕೆ ದನಿ ತೆಗೆದರೆ ಉಳಿದವರು ತಿರುಗಿ ಹೇಳುತ್ತಾರೆ. ಊರಿನಲ್ಲಿ ಹೆಣ್ಣೊಬ್ಬಳ ಮಾತನ್ನು ಹತ್ತಾರು ಜನ ತಿರುಗಿ ಹೇಳುವ ಸಂದರ್ಭ ಬೇರೆ ಎಲ್ಲಿದೆ? ಸುಕ್ರಿಯವರ ನಾಯಕತ್ವ ಬಂದದ್ದು ಈ ಅಧಿಕಾರದಿಂದ ಎಂಬುದು ನನ್ನ ತಿಳುವಳಿಕೆ. ಭಾಷಣ ಕಲಿತು, ಸಂಘದ ಅಧ್ಯಕ್ಷೆಯಾಗಿ ಅವರು ಮುಂದೆ ಬಂದವರಲ್ಲ. ಮದುವೆಮನೆಯಲ್ಲಿ ಹಾಡು ಎತ್ತಿಕೊಡುತ್ತಿದ್ದ ಹೆಂಗಸೇ ಸಾರಾಯಿಯ ಮಾತನ್ನೂ ಎತ್ತಿಕೊಟ್ಟರು.

ಆ ಕಾಲ ದೇಶದ ಬೇರೆ ಕಡೆಯೂ ಹಾಗೆಯೇ ಇತ್ತು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಅವರಿಗೆ ಪ್ರೇರಣೆ ಕೊಟ್ಟದ್ದು ಸಾಕ್ಷರತಾ ತರಗತಿಯಲ್ಲಿ ಓದಿದ ಒಂದು ಪಾಠ, ತಮ್ಮದೇ ಊರಿನಂಥ ಊರಿನ ಕಥೆ. ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿದ ಆ ಚಳವಳಿಗೆ ಮಣಿದು ಆಂಧ್ರ ಸರಕಾರ 1993ರ ಅಕ್ಟೋಬರ್ 1ರಿಂದ ಸಾರಾಯಿ ನಿಷೇಧಿಸಿತು. ಅಲ್ಲಿ ಸಾಕ್ಷರತೆಯ ಪುಸ್ತಕ ಮಾಡಿದ ಕೆಲಸವನ್ನು ಇಲ್ಲಿ ಅಕ್ಷರ ಬಾರದ ಹೆಂಗಸರ ಹಾಡು ಮಾಡಿತು ಎನ್ನಬಹುದು. ಬಡಗೇರಿಯ ಹೋರಾಟ ನೆಲ್ಲೂರಿನಂತೆ ಸರಕಾರವನ್ನು ನಡುಗಿಸಲಿಲ್ಲ. ಆದರೆ ಗಂಡಸರ ಎದುರು ತಲೆಯೆತ್ತದ ಸಮುದಾಯದ ಹೆಂಗಸರು ಸಾರಾಯಿ ಮಾರುವವನ ಎದುರು ಹೋಗಿ ನಿಂತರು ಎಂಬುದು ಸಣ್ಣ ಸಂಗತಿಯಲ್ಲ. ಮಾರುವವನು ಹೊರಗಿನವನೇ ಆಗಿರಬೇಕೆಂದಿಲ್ಲ, ನೆರೆಯವನೋ ನೆಂಟನೋ ಆಗಿರಬಹುದು. ನಾಳೆ ಅದೇ ಮನೆಯ ಮದುವೆಗೆ ಹೋಗಿ ಹಾಡಬೇಕು. ಊರೊಳಗಿನ ಹೋರಾಟದ ಕಷ್ಟ ಪೇಟೆಯಲ್ಲಿ ಮೆರವಣಿಗೆ ಮಾಡುವವರಿಗೆ ತಿಳಿಯುವುದಿಲ್ಲ.

ಕನ್ನಡದಲ್ಲಿ ರಾಜಕೀಯ ಹಾಡಿನ ಪರಂಪರೆ ಚಿಕ್ಕದೇನಲ್ಲ. ಬೆಳಗಾವಿ ಜಿಲ್ಲೆಯ ಮುರಗೋಡದ ಹುಕ್ಕೇರಿ ಬಾಳಪ್ಪನವರು ಸ್ವಾತಂತ್ರ್ಯ ಚಳವಳಿಯಲ್ಲೂ ಏಕೀಕರಣದಲ್ಲೂ ಊರೂರು ತಿರುಗಿ ಹಾಡಿ 'ಸಾವಿರ ಹಾಡಿನ ಸರದಾರ' ಎನಿಸಿಕೊಂಡರು. ದಲಿತ ಚಳವಳಿಗೆ ಸಿದ್ಧಲಿಂಗಯ್ಯನವರ ಹಾಡು ಉಸಿರಾಯಿತು. 1975ರ 'ಹೊಲೆಮಾದಿಗರ ಹಾಡು' ಪುಸ್ತಕವನ್ನು ಓದಿದವರಿಗಿಂತ ಅದರ ಹಾಡುಗಳನ್ನು ಮೆರವಣಿಗೆಯಲ್ಲಿ ಕೂಗಿ ಹಾಡಿದವರೇ ಹೆಚ್ಚು. ತೆಲುಗಿನಲ್ಲಿ ಗದ್ದರ್ ಹೆಗಲಿಗೆ ಕಂಬಳಿ ಹಾಕಿಕೊಂಡು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಲಕ್ಷಾಂತರ ಜನರನ್ನು ಸೇರಿಸಿದರು. ಇವರೆಲ್ಲರೂ ಹೊಸ ಮಾತಿಗೆ ಹಳೆಯ ಧಾಟಿ ಹಾಕಿದವರು. ಹಾಡನ್ನು ಚಳವಳಿಗೆ ತಂದವರು. ಸುಕ್ರಿಯವರದು ಇದಕ್ಕಿಂತ ಬೇರೆ. ಅವರು ಮದುವೆಯ ಹಾಡನ್ನು ಮದುವೆಯ ಹಾಡಾಗಿಯೇ ಹಾಡಿದರು. ಹಾಡಿನಿಂದ ಬಂದ ಒಗ್ಗಟ್ಟನ್ನು ಹೋರಾಟಕ್ಕೆ ಬಳಸಿದರು. ಹಾಗಾಗಿ ಅವರ ಹಾಡುಗಳ ಸಂಗ್ರಹವನ್ನು ಹುಡುಕಿದವರಿಗೆ ಘೋಷಣೆ ಸಿಗುವುದು ಕಷ್ಟ. ಸಿಗುವುದು ಸೀತೆ, ತವರು, ಭತ್ತದ ಗದ್ದೆ. ಇದರಿಂದಲೇ ಇರಬೇಕು, ಅವರನ್ನು ಹೋರಾಟಗಾರ್ತಿಯರ ಸಾಲಿನಲ್ಲಿ ನಿಲ್ಲಿಸಲು ಯಾರಿಗೂ ತೋಚಲಿಲ್ಲ. ಕೋಗಿಲೆ ಎನ್ನುವುದು ಸುಲಭವಾಯಿತು. ಕೋಗಿಲೆ ಕೂಗುತ್ತದೆಯೇ ಹೊರತು ಅಬಕಾರಿ ನೀತಿಯ ಬಗ್ಗೆ ಕೇಳುವುದಿಲ್ಲವಲ್ಲ.

ಹಾಡಿಗೆ ಮನ್ನಣೆ ಬಂದದ್ದೂ ಹೆಚ್ಚುಕಡಿಮೆ ಇದೇ ವರ್ಷಗಳಲ್ಲಿ. ಆಕಾಶವಾಣಿಯ ಕಾರವಾರ ಕೇಂದ್ರ ಅವರ ಹಾಡುಗಳನ್ನು ಧ್ವನಿಮುದ್ರಿಸಿತು, ಪ್ರಸಾರ ಮಾಡಿತು. ರಾಜ್ಯದ ಜಾನಪದಶ್ರೀ ಬಂತು, ನಾಡೋಜ ಬಂತು. ಉತ್ಸವಗಳಿಗೆ, ಸಮ್ಮೇಳನಗಳಿಗೆ ಕರೆ ಬಂತು. ಇದರಲ್ಲಿ ಒಳ್ಳೆಯದೇ ಹೆಚ್ಚು. ಒಬ್ಬರ ನೆನಪಿನೊಂದಿಗೆ ಅಳಿದುಹೋಗಬಹುದಾಗಿದ್ದ ಹಾಡುಗಳು ಉಳಿದವು. ಬಡಗೇರಿಯ ಹುಡುಗಿಯರಿಗೆ ತಮ್ಮ ಅಜ್ಜಿಯಂದಿರ ಹಾಡು ನಾಚಿಕೆಪಡುವ ವಸ್ತುವಲ್ಲವೆಂದು ತಿಳಿಯಿತು. ಸುಕ್ರಿಯವರು ಹೋದಲ್ಲೆಲ್ಲ ಜೊತೆಗಾತಿಯರನ್ನು ಕರೆದುಕೊಂಡು ಹೋಗುತ್ತಿದ್ದರು, ಏಕೆಂದರೆ ತಿರುಗಿ ಹೇಳುವವರಿಲ್ಲದೆ ಆ ಹಾಡು ಹಾಡಾಗುವುದಿಲ್ಲ. ಸನ್ಮಾನದ ಶಾಲು ಮಾತ್ರ ಒಬ್ಬರಿಗೇ ಬೀಳುತ್ತಿತ್ತು. ವೇದಿಕೆಯ ನಿಯಮವೇ ಹಾಗೆ.

ಸಾರಾಯಿಯ ಕಥೆ ಏನಾಯಿತು? ಕರ್ನಾಟಕ ಸರಕಾರ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಷೇಧಿಸಿತು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಹಣಕಾಸು ಖಾತೆ ಬಿ.ಎಸ್. ಯಡಿಯೂರಪ್ಪನವರದು. ರಾಜ್ಯದ ನಾನಾ ಕಡೆ ಹೆಂಗಸರು ಮಾಡಿದ ಒತ್ತಾಯಕ್ಕೆ ಸಿಕ್ಕ ಫಲವೆಂದು ಅದನ್ನು ಸ್ವಾಗತಿಸಲಾಯಿತು. ಪೊಟ್ಟಣ ಕಣ್ಮರೆಯಾಯಿತು. ಕುಡಿತ ಹೋಗಲಿಲ್ಲ. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಬಂದವು. ಸರಕಾರಿ ಸಂಸ್ಥೆಯಾದ ಎಂಎಸ್‌ಐಎಲ್ ಹಳ್ಳಿಯ ಹತ್ತಿರದವರೆಗೂ ಮದ್ಯದಂಗಡಿ ತೆರೆಯಿತು. ಉತ್ತರ ಕನ್ನಡದಲ್ಲಂತೂ ಗೋವೆಯ ಅಗ್ಗದ ಮದ್ಯ ಗಡಿ ದಾಟಿ ಬರುತ್ತಲೇ ಇತ್ತು. ಮಾಜಾಳಿ ತನಿಖಾ ಠಾಣೆಯಲ್ಲಿ ಹಿಡಿದದ್ದರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ, ಹಿಡಿಯದೇ ಬಿಟ್ಟದ್ದರ ಸುದ್ದಿ ಬರುವುದಿಲ್ಲ. ಸಾರಾಯಿ ನಿಂತ ಮೇಲೂ ಅಬಕಾರಿ ಆದಾಯ ಇಳಿಮುಖವಾಗದೆ ಏರುತ್ತಲೇ ಹೋಯಿತು. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಂಗಸರು ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು ನಡೆದುಬಂದರು. ಬಡಗೇರಿಯ ಹೆಂಗಸರು ಕೇಳಿದ್ದನ್ನೇ ಕಾಲು ಶತಮಾನ ಕಳೆದು ಇವರೂ ಕೇಳಿದರು. ಸುಕ್ರಿಯವರಂತೂ ವಯಸ್ಸಾದ ಮೇಲೂ ಸಂದರ್ಶನಕ್ಕೆ ಬಂದವರ ಬಳಿ ಕುಡಿತದ ಮಾತು ತೆಗೆಯದೆ ಬಿಡುತ್ತಿರಲಿಲ್ಲ. ಬಂದವರಿಗೆ ಹಾಡು ಬೇಕಿತ್ತು. ಅವರಿಗೆ ಇದೂ ಬೇಕಿತ್ತು.

2017ರಲ್ಲಿ ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರಿಂದ ಪದ್ಮಶ್ರೀ ಸ್ವೀಕರಿಸಲು ದಿಲ್ಲಿಗೆ ಹೋದಾಗ ಸುಕ್ರಿಯವರು ತೊಟ್ಟದ್ದು ತಮ್ಮ ಎಂದಿನ ಉಡುಗೆಯನ್ನೇ, ಅದೇ ಮಣಿಸರಗಳನ್ನೇ. ಬುಡಕಟ್ಟಿನ ಹಾಡುಗಾರ್ತಿ ಎಂದು ದೇಶದ ಪತ್ರಿಕೆಗಳು ಬರೆದವು. ಇಲ್ಲಿ ಇನ್ನೊಂದು ಗಂಟಿದೆ. ಪ್ರಶಸ್ತಿಯ ಸುದ್ದಿಯಲ್ಲಿ ಬುಡಕಟ್ಟಾದ ಹಾಲಕ್ಕಿ ಒಕ್ಕಲಿಗರು ಸರಕಾರದ ಕಡತದಲ್ಲಿ ಬುಡಕಟ್ಟಲ್ಲ. ಅವರಿರುವುದು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ದಶಕಗಳದು. ಅರಬೈಲಿನ ಮೇಲೆ, ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿರುವ ಸಿದ್ದಿಗಳು ಇಂಥದೇ ಬೇಡಿಕೆಗೆ ವರ್ಷಗಟ್ಟಲೆ ಹೋರಾಡಿ 2003ರಲ್ಲಿ ಪಟ್ಟಿಗೆ ಸೇರಿದರು. ಮಕ್ಕಳ ಓದು, ಉದ್ಯೋಗ, ಅರಣ್ಯಭೂಮಿಯ ಹಕ್ಕು ಎಲ್ಲಕ್ಕೂ ಆ ಪಟ್ಟಿ ಮುಖ್ಯ. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2006ರ ಅರಣ್ಯಹಕ್ಕು ಕಾಯಿದೆಯಡಿ ಹಕ್ಕು ಕೇಳಬೇಕಾದರೆ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಕೊಡಬೇಕು. ಓದು ಬಾರದ ಜನ ಅಷ್ಟು ಹಳೆಯ ಕಾಗದವನ್ನು ಎಲ್ಲಿಂದ ತಂದಾರು? ಅವರ ಬಳಿ ಇರುವ ಹಳೆಯದೆಂದರೆ ಹಾಡು, ಅದನ್ನು ಕಚೇರಿ ಸಾಕ್ಷಿಯೆಂದು ಒಪ್ಪುವುದಿಲ್ಲ.

ಪ್ರಶಸ್ತಿ ಬಂದ ಮೇಲೆ ಸುಕ್ರಿಯವರು ಈ ಬೇಡಿಕೆಯ ದನಿಯೂ ಆದರು. ತಮಗೆ ಸಿಕ್ಕ ಹೆಸರು ಜನಾಂಗದ ಕೆಲಸಕ್ಕೆ ಬರಲಿ ಎಂಬುದು ಅವರ ಲೆಕ್ಕಾಚಾರ. ಮಂತ್ರಿಗಳು ಮನೆಗೆ ಬಂದಾಗ, ವೇದಿಕೆಯಲ್ಲಿ ಪಕ್ಕದಲ್ಲಿ ಕುಳಿತಾಗ ಅದನ್ನು ಹೇಳುತ್ತಿದ್ದರು. ಇದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ, ಲಕ್ಷಾಂತರ ಸಸಿ ಬೆಳೆಸಿದ ಹಾಲಕ್ಕಿ ಹೆಂಗಸು, 2020ರ ಸಾಲಿನಲ್ಲಿ ಪದ್ಮಶ್ರೀ ಪಡೆದರು. ಒಂದೇ ತಾಲೂಕಿನ, ಒಂದೇ ಸಮುದಾಯದ, ಶಾಲೆಗೆ ಹೋಗದ ಇಬ್ಬರು ಹೆಂಗಸರಿಗೆ ಪದ್ಮಶ್ರೀ ಬಂದದ್ದು ಬೇರೆಲ್ಲೂ ಸುಲಭವಾಗಿ ಕಾಣದ ಸಂಗತಿ. 2023ರ ಮೇ 3ರಂದು ವಿಧಾನಸಭೆ ಚುನಾವಣೆಯ ಪ್ರಚಾರಕ್ಕೆ ಅಂಕೋಲೆಗೆ ಬಂದ ಪ್ರಧಾನಿ ನರೇಂದ್ರ ಮೋದಿಯವರು ವೇದಿಕೆಯಲ್ಲಿ ಇಬ್ಬರಿಗೂ ತಲೆಬಾಗಿ ನಮಸ್ಕರಿಸಿದರು. ಆ ಫೋಟೋ ಎಲ್ಲ ಕಡೆ ಬಂತು.

ತುಳಸಿ ಗೌಡ 2024ರ ಡಿಸೆಂಬರ್ 16ರಂದು ತೀರಿಕೊಂಡರು. ಎರಡು ತಿಂಗಳು ಕಳೆಯುವುದರೊಳಗೆ, 2025ರ ಫೆಬ್ರವರಿ 13ರಂದು ಸುಕ್ರಿ ಬೊಮ್ಮಗೌಡ ತಮ್ಮ 88ನೇ ವಯಸ್ಸಿನಲ್ಲಿ ಮಣಿಪಾಲದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ರಾಜ್ಯದ ದೊಡ್ಡವರೆಲ್ಲ ಸಂತಾಪ ಸೂಚಿಸಿದರು. ಆ ದಿನದವರೆಗೂ ಹಾಲಕ್ಕಿ ಒಕ್ಕಲಿಗರ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿರಲಿಲ್ಲ.